ಮುಂಬೈಯಲ್ಲಿ ಮೂರು ದಿನ: ಬಾಡಿಗೆಯ ಲೆಕ್ಕ, ದಾರಿಯ ಲೆಕ್ಕ

ನಮ್ಮ ಮಧ್ಯಮವರ್ಗದ ಪ್ರವಾಸದ ಸ್ವರೂಪ ಕಳೆದ ಎರಡು ದಶಕಗಳಲ್ಲಿ ಸದ್ದಿಲ್ಲದೆ ಬದಲಾಗಿದೆ. ಹಿಂದೆ ಪ್ರವಾಸವೆಂದರೆ ಬೇಸಿಗೆ ರಜೆಯಲ್ಲಿ ಹದಿನೈದು ದಿನಗಳ ಸುತ್ತಾಟ. ಮುಂಬೈ, ದೆಹಲಿಯಂತಹ ಮಹಾನಗರಗಳಲ್ಲಿ ತಂಗುವುದೆಂದರೆ ಬಂಧುಗಳ ಮನೆಯ ಹಜಾರದಲ್ಲಿ ಚಾಪೆ ಹಾಸಿಕೊಳ್ಳುವುದು. ಈಗ ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಮರಳುವ ಪುಟ್ಟ ನಗರ ಪ್ರವಾಸಗಳು ಹೆಚ್ಚಾಗಿವೆ. ಬಂಧುಗಳೂ ಎರಡು ಕೋಣೆಯ ಫ್ಲ್ಯಾಟುಗಳಿಗೆ ಸೇರಿಕೊಂಡಿದ್ದಾರೆ. ಅವರಿಗೆ ತೊಂದರೆ ಕೊಡಲು ನಮಗೂ ಸಂಕೋಚ. ಹೀಗಾಗಿ ಹಿಂದಿನ ತಲೆಮಾರಿಗೆ ಎದುರಾಗದಿದ್ದ ಪ್ರಶ್ನೆಯೊಂದು ನಮ್ಮೆದುರು ನಿಂತಿದೆ: ಅಪರಿಚಿತ ನಗರದಲ್ಲಿ ಕೊಠಡಿಯನ್ನು ಎಲ್ಲಿ ಹಿಡಿಯಬೇಕು?

ಈ ಪ್ರಶ್ನೆಗೆ ಉತ್ತರವನ್ನು ನಾವು ಮೊಬೈಲ್ ಫೋನಿನಲ್ಲಿ ಹುಡುಕುತ್ತೇವೆ. ಅದು ಬಾಡಿಗೆಯ ಏರಿಕೆಯ ಕ್ರಮದಲ್ಲಿ ಹೆಸರುಗಳನ್ನು ಸಾಲಾಗಿ ತೋರಿಸುತ್ತದೆ, ಬಿಳಿಯ ಹೊದಿಕೆ ಹಾಸಿದ ಮಂಚದ ಚಿತ್ರವನ್ನು ಮುಂದಿಡುತ್ತದೆ. ಮಂಚ ಎಲ್ಲ ಊರುಗಳಲ್ಲಿಯೂ ಒಂದೇ. ಚಿತ್ರದಲ್ಲಿ ಕಾಣಿಸದೇ ಇರುವುದು ಆ ಮಂಚದಿಂದ ನಾವು ನೋಡಬೇಕಾದ ಸ್ಥಳಕ್ಕಿರುವ ದಾರಿ. ಮೂರು ದಿನಗಳ ಪ್ರವಾಸದಲ್ಲಿ ಎಚ್ಚರವಾಗಿರುವ ಅವಧಿ ಹೆಚ್ಚೆಂದರೆ ನಲವತ್ತೈದು ಗಂಟೆ. ಅದರಲ್ಲಿ ಹತ್ತು ಗಂಟೆ ರಸ್ತೆಯ ಮೇಲೆ ಕಳೆದುಹೋದರೆ ಪ್ರವಾಸದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕರಗಿಹೋದಂತೆ. ಆ ನಷ್ಟ ಯಾವ ಬಿಲ್ಲಿನಲ್ಲಿಯೂ ನಮೂದಾಗುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹಳೆಯ ಪಾಠ. ಜರ್ಮನಿಯ ಫಾನ್ ಥ್ಯೂನೆನ್ 1826ರಲ್ಲಿ ಪೇಟೆಯಿಂದ ದೂರ ಸರಿದಂತೆ ಹೊಲದ ಗೇಣಿ ಇಳಿಯುವುದೇಕೆಂದು ವಿವರಿಸಿದ. ಸಾಗಣೆಯ ವೆಚ್ಚ ಏರಿದಷ್ಟು ಭೂಮಿಯ ಬೆಲೆ ಇಳಿಯುತ್ತದೆ. ಅಮೆರಿಕದ ವಿಲಿಯಂ ಅಲೊನ್ಸೊ 1964ರಲ್ಲಿ ಅದೇ ತರ್ಕವನ್ನು ಆಧುನಿಕ ನಗರದ ನಿವೇಶನಗಳಿಗೆ ಅನ್ವಯಿಸಿದ. ಅಂದರೆ ಅಗ್ಗದ ಕೊಠಡಿ ಅಗ್ಗವಾಗಿರುವುದು ಮಾಲೀಕನ ಔದಾರ್ಯದಿಂದಲ್ಲ, ದೂರವನ್ನು ಕ್ರಮಿಸುವ ವೆಚ್ಚವನ್ನು ಆತ ನಮ್ಮ ಹೆಗಲಿಗೆ ವರ್ಗಾಯಿಸಿದ್ದಾನೆ ಎಂಬ ಕಾರಣದಿಂದ. ಆ ವೆಚ್ಚವನ್ನು ಹೊರುವುದು ಕೆಲವು ಸಂದರ್ಭಗಳಲ್ಲಿ ಲಾಭದಾಯಕ, ಕೆಲವು ಸಂದರ್ಭಗಳಲ್ಲಿ ಶುದ್ಧ ನಷ್ಟ. ಯಾವಾಗ ಯಾವುದು ಎಂಬುದನ್ನು ತೀರ್ಮಾನಿಸುವುದು ಆ ನಗರದ ಸಾರಿಗೆ.

ಈ ಲೆಕ್ಕವನ್ನು ಕಲಿಯಲು ಮುಂಬೈಗಿಂತ ಉತ್ತಮ ಪಾಠಶಾಲೆ ನಮ್ಮ ದೇಶದಲ್ಲಿಲ್ಲ. ಬೆಂಗಳೂರು, ದೆಹಲಿಗಳು ಎಲ್ಲ ದಿಕ್ಕಿಗೂ ಹರಡಿಕೊಂಡ ಊರುಗಳು. ಮುಂಬೈ ಹಾಗಲ್ಲ. ಏಳು ದ್ವೀಪಗಳನ್ನು ಬೆಸೆದು ರೂಪಿಸಿದ ಆ ನಗರ ಉತ್ತರ–ದಕ್ಷಿಣವಾಗಿ ಚಾಚಿಕೊಂಡ ಇಕ್ಕಟ್ಟಾದ ಭೂಪಟ್ಟಿ. ದಕ್ಷಿಣದ ತುದಿಯಲ್ಲಿ ಕೊಲಾಬಾ ಮತ್ತು ಫೋರ್ಟ್. ಮಾಹಿಮ್, ಸಯನ್ ದಾಟಿದರೆ ಉಪನಗರಗಳು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದಂದಿನಿಂದ ಆ ಊರು ರೈಲುಹಳಿಯ ಗುಂಟವೇ ಬೆಳೆದಿದೆ. ಚರ್ಚ್‌ಗೇಟಿನಿಂದ ಹೊರಡುವ ಪಶ್ಚಿಮ ಮಾರ್ಗ, ನಮ್ಮ ಹಿರಿಯರು ಇಂದಿಗೂ ವಿ.ಟಿ. ಎಂದೇ ಕರೆಯುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಹೊರಡುವ ಮಧ್ಯ ಮಾರ್ಗ ಮತ್ತು ಹಾರ್ಬರ್ ಮಾರ್ಗ, ಈ ಮೂರನ್ನು ಅರಿತವನಿಗೆ ಮುಂಬೈ ಅರ್ಧ ಅರ್ಥವಾದಂತೆ.

ಉಳಿದರ್ಧ ಜನಪ್ರವಾಹದ ದಿಕ್ಕು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಆ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ. ಬಾಂದ್ರಾ–ಕುರ್ಲಾ ಸಂಕೀರ್ಣ ಮತ್ತು ಅಂಧೇರಿಗಳು ಕಚೇರಿಗಳ ನೆಲೆಯಾದ ಮೇಲೆ ಎದುರು ದಿಕ್ಕಿನ ಗಾಡಿಗಳೂ ಹಿಂದಿನಷ್ಟು ಖಾಲಿಯಾಗಿ ಉಳಿದಿಲ್ಲವೆಂಬುದು ನಿಜ. ಆದರೂ ಎರಡಕ್ಕೂ ಇರುವ ಅಂತರ ಅಜಗಜಾಂತರ. ಇದರಿಂದ ಹೊರಡುವ ತೀರ್ಮಾನ ಸರಳ. ಉತ್ತರದ ಉಪನಗರದಲ್ಲಿ ಕೊಠಡಿ ಹಿಡಿದವನು ಪ್ರತಿದಿನ ಎರಡು ಸಲ ಆ ಪ್ರವಾಹದೊಳಗೆ ಸಿಲುಕುತ್ತಾನೆ. ದಕ್ಷಿಣದ ತುದಿಯಲ್ಲಿ ತಂಗಿದವನು ನೋಡಬೇಕಾದ ಬಹುಪಾಲು ಸ್ಥಳಗಳಿಗೆ ನಡೆದೇ ಹೋಗುತ್ತಾನೆ. ಉತ್ತರಕ್ಕೆ ಹೋಗಬೇಕಾದ ದಿನ ಬೆಳಿಗ್ಗೆ ಜನರ ಎದುರು ದಿಕ್ಕಿನಲ್ಲಿ ಹೋಗಿ ಸಂಜೆ ಮತ್ತೆ ಎದುರು ದಿಕ್ಕಿನಲ್ಲಿಯೇ ಮರಳುತ್ತಾನೆ.

ಒಂದು ಉದಾಹರಣೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಎಲಿಫೆಂಟಾಕ್ಕೆ ಹೋಗುವವರಲ್ಲಿ ಹತ್ತರಲ್ಲೊಬ್ಬರೂ ಅತ್ತ ಸುಳಿಯುವುದಿಲ್ಲವೇನೋ ಎಂಬುದು ನನ್ನ ಅನುಮಾನ. ಬೆಳಿಗ್ಗೆ ಎಂಟೂವರೆಗೆ ಚರ್ಚ್‌ಗೇಟಿನಲ್ಲಿ ಬೋರಿವಲಿಯ ಫಾಸ್ಟ್ ಗಾಡಿ ಹಿಡಿದರೆ ಕಿಟಕಿಯ ಪಕ್ಕ ಆಸನ ದೊರೆಯುವ ಸಂಭವ ಚೆನ್ನಾಗಿರುತ್ತದೆ. ಒಂದು ಗಂಟೆಯ ದಾರಿಯುದ್ದಕ್ಕೂ ಎದುರಿನಿಂದ ಬರುವ ಗಾಡಿಗಳ ಬಾಗಿಲುಗಳಲ್ಲಿ ಜನ ಜೋತಾಡುತ್ತಿರುವುದು ಕಾಣುತ್ತದೆ. ಎಲಿಫೆಂಟಾ, ಕಾನ್ಹೇರಿ ಎರಡೂ ಸೋಮವಾರ ಮುಚ್ಚಿರುತ್ತವೆ. ವಾರಾಂತ್ಯಕ್ಕೆ ಒಂದು ದಿನ ರಜೆ ಸೇರಿಸಿಕೊಳ್ಳುವವರು ಸೋಮವಾರದ ಬದಲು ಶುಕ್ರವಾರವನ್ನು ಸೇರಿಸಿಕೊಳ್ಳುವುದು ಲೇಸು.

ಫೋರ್ಟ್ ಎಂಬ ಹೆಸರು ಅಲ್ಲಿದ್ದ ಇಂಗ್ಲಿಷರ ಕೋಟೆಯದು. ಅದರ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಲಾಯಿತು; ಹಾಗೆ ತೆರವಾದ ಜಾಗದಲ್ಲಿ ಎದ್ದ ಕಟ್ಟಡಗಳೇ ಇಂದು ನಾವು ನೋಡಲು ಹೋಗುವ ಮುಂಬೈ. ಓವಲ್ ಮೈದಾನದ ಒಂದು ಬದಿಗೆ ಹೈಕೋರ್ಟು, ವಿಶ್ವವಿದ್ಯಾಲಯ ಮತ್ತು ರಾಜಾಬಾಯಿ ಗೋಪುರದ ಗಾಥಿಕ್ ಸಾಲು; ಇನ್ನೊಂದು ಬದಿಗೆ 1930ರ ದಶಕದ ಆರ್ಟ್ ಡೆಕೊ ಮನೆಗಳ ಸಾಲು. ಇವೆರಡೂ ಒಟ್ಟಾಗಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಿ.ಟಿ. ನಿಲ್ದಾಣ 2004ರಲ್ಲಿಯೇ ಸೇರಿತ್ತು. ಆ ನಿಲ್ದಾಣದಿಂದ ಗೇಟ್‌ವೇವರೆಗಿನ ಎರಡು–ಎರಡೂವರೆ ಕಿಲೋಮೀಟರಿನ ನಡಿಗೆಯಲ್ಲಿ ವಸ್ತುಸಂಗ್ರಹಾಲಯ, ಜಹಾಂಗೀರ್ ಕಲಾ ಗ್ಯಾಲರಿ, ಸಾಸೂನ್ ಗ್ರಂಥಾಲಯ ಎಲ್ಲವೂ ಸಿಗುತ್ತವೆ. ಬೆಳಿಗ್ಗೆ ಏಳು ಗಂಟೆಗೆ, ಕಚೇರಿಗಳು ತೆರೆಯುವ ಮುನ್ನ, ಆ ಬೀದಿಗಳಲ್ಲಿ ನಡೆದಾಡುವ ಸುಖ ಅಂಧೇರಿಯಲ್ಲಿ ತಂಗಿದವನಿಗೆ ಯಾವ ಬಾಡಿಗೆ ಕಾರೂ ದೊರಕಿಸಿಕೊಡಲಾರದು.

ಈಗ ರೂಪಾಯಿಯ ಲೆಕ್ಕಕ್ಕೆ ಬರೋಣ. ಅಂಧೇರಿಯಲ್ಲಿ ದಿನಕ್ಕೆ 3,000 ರೂಪಾಯಿಯ ಕೊಠಡಿ, ಫೋರ್ಟಿನಲ್ಲಿ ಅಂತಹುದೇ ಕೊಠಡಿಗೆ 4,500 ರೂಪಾಯಿ ಎಂದಿಟ್ಟುಕೊಳ್ಳಿ. ಇವು ಉದಾಹರಣೆಯ ಅಂಕಿಗಳು ಮಾತ್ರ. ಮೇಲ್ನೋಟಕ್ಕೆ ಅಂಧೇರಿಯಲ್ಲಿ 1,500 ರೂಪಾಯಿ ಉಳಿತಾಯ. ಮುಂಬೈನ ಕಪ್ಪು–ಹಳದಿ ಟ್ಯಾಕ್ಸಿಯ ಕನಿಷ್ಠ ದರ 2025ರ ಫೆಬ್ರುವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ. ಆಮೇಲಿನ ಪ್ರತಿ ಕಿಲೋಮೀಟರಿಗೆ ಸುಮಾರು 20 ರೂಪಾಯಿ 66 ಪೈಸೆ. ಇಪ್ಪತ್ತೈದು ಕಿಲೋಮೀಟರಿಗೆ ಐನೂರು ರೂಪಾಯಿ ದಾಟುತ್ತದೆ, ಹೋಗಿಬರುವುದಕ್ಕೆ ಸಾವಿರದ ಮೇಲೆ. ಮಧ್ಯರಾತ್ರಿಯ ಬಳಿಕವಾದರೆ ಕಾಲುಭಾಗ ಅಧಿಕ. ಉಳಿದದ್ದು ನಾನೂರು ಚಿಲ್ಲರೆ ರೂಪಾಯಿ, ಕಳೆದದ್ದು ಮೂರು ಗಂಟೆ. ದಂಪತಿಗಳಿಬ್ಬರ ಮೂರು ಗಂಟೆಗೆ ನಾನೂರು ರೂಪಾಯಿ ಸರಿಯಾದ ಬೆಲೆಯೇ ಎಂಬುದನ್ನು ಅವರವರೇ ನಿರ್ಧರಿಸಬೇಕು. ನನಗಂತೂ ಅದು ನಷ್ಟದ ವ್ಯಾಪಾರ.

ಹಾಗಾದರೆ ಲೋಕಲ್ ರೈಲಿನಲ್ಲಿ ಹೋದರಾಯಿತಲ್ಲ, ಕನಿಷ್ಠ ದರ ಐದೇ ರೂಪಾಯಿಯಲ್ಲವೇ ಎಂದು ಕೇಳಬಹುದು. ಖಂಡಿತ ಹೋಗಬೇಕು. ಲೋಕಲ್ ಹತ್ತದೆ ಮುಂಬೈ ನೋಡಿದೆ ಎನ್ನುವುದರಲ್ಲಿ ಅರ್ಥವಿಲ್ಲ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿಯವರ ಬರಹಗಳ ಮೂಲಕ ಆ ನಗರವನ್ನು ಅರಿತ ಕನ್ನಡದ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಮಯವನ್ನು ಆರಿಸಿಕೊಂಡು ಹತ್ತಬೇಕು. ಸಂಜೆಯ ವಿರಾರ್ ಫಾಸ್ಟಿನಲ್ಲಿ ಹತ್ತಿ ಅಂಧೇರಿಯಲ್ಲಿ ಇಳಿಯುತ್ತೇನೆಂದು ಹೊರಟವನಿಗೆ ಇಳಿಯುವುದು ಸಾಧ್ಯವಾಗದೆಯೂ ಹೋಗಬಹುದು, ಸಹಪ್ರಯಾಣಿಕರ ಬೈಗುಳವಂತೂ ಖಚಿತ. ದಿನಕ್ಕೆ ಎಪ್ಪತ್ತು ಲಕ್ಷದ ಆಸುಪಾಸಿನ ಪ್ರಯಾಣಗಳನ್ನು ಹೊರುವ ಆ ಜಾಲದಲ್ಲಿ, ಹಳಿ ದಾಟುವವರು ಮತ್ತು ಗಾಡಿಯಿಂದ ಬೀಳುವವರೂ ಸೇರಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಳ್ಳುತ್ತಾರೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಿತ್ಯದ ಪ್ರಯಾಣಿಕನಿಗೆ ಅನ್ಯಮಾರ್ಗವಿಲ್ಲ. ಪ್ರವಾಸಿಗೆ ಗಡಿಯಾರ ನೋಡಿಕೊಳ್ಳುವ ಅವಕಾಶವಿದೆ. ಹನ್ನೊಂದರಿಂದ ನಾಲ್ಕರವರೆಗೆ ಲೋಕಲ್ ಗಾಡಿಯಷ್ಟು ವೇಗದ, ಅಗ್ಗದ ವಾಹನ ಬೇರೊಂದಿಲ್ಲ. ಹವಾನಿಯಂತ್ರಿತ ಗಾಡಿಗಳು 2017ರ ಡಿಸೆಂಬರಿನಿಂದ ಓಡುತ್ತಿವೆ. 2022ರ ಮೇ ತಿಂಗಳಲ್ಲಿ ಅವುಗಳ ಮತ್ತು ಮೊದಲ ದರ್ಜೆಯ ಬಿಡಿ ಟಿಕೆಟಿನ ದರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು. ವಯಸ್ಸಾದವರು ಆ ವೆಚ್ಚಕ್ಕೆ ಹಿಂಜರಿಯಬಾರದು.

ಇಷ್ಟು ಬರೆದ ಮೇಲೆ, ಈ ಲೆಕ್ಕವನ್ನೇ ಅಲುಗಾಡಿಸಿದ ಬದಲಾವಣೆಯೊಂದನ್ನು ಹೇಳಲೇಬೇಕು. 2025ರ ಅಕ್ಟೋಬರಿನಲ್ಲಿ ಮುಂಬೈ ಮೆಟ್ರೊದ ಮೂರನೆಯ ಮಾರ್ಗ ಆರೆಯಿಂದ ಕಫ್ ಪರೇಡಿನವರೆಗೆ ಪೂರ್ಣವಾಗಿ ತೆರೆಯಿತು. ಸುಮಾರು ಮೂವತ್ಮೂರೂವರೆ ಕಿಲೋಮೀಟರ್, ಇಪ್ಪತ್ತೇಳು ನಿಲ್ದಾಣಗಳು, ಬಹುತೇಕ ಪೂರ್ತಿ ನೆಲದಡಿಯಲ್ಲಿ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳು, ಬಾಂದ್ರಾ–ಕುರ್ಲಾ ಸಂಕೀರ್ಣ, ದಾದರ್, ಸಿದ್ಧಿವಿನಾಯಕ, ವರ್ಲಿ, ಮುಂಬೈ ಸೆಂಟ್ರಲ್, ಕಾಲ್ಬಾದೇವಿ, ವಿ.ಟಿ., ಚರ್ಚ್‌ಗೇಟ್ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತಾದವು. ಗರಿಷ್ಠ ದರ 70 ರೂಪಾಯಿ, ತುದಿಯಿಂದ ತುದಿಗೆ ಸುಮಾರು ಒಂದು ಗಂಟೆ. ಇಬ್ಬರು ಹೋಗಿಬರಲು ಹೆಚ್ಚೆಂದರೆ 280 ರೂಪಾಯಿ. ಮೇಲಿನ ಉದಾಹರಣೆಯ 1,500 ರೂಪಾಯಿಯ ಉಳಿತಾಯದಲ್ಲಿ ಈಗ ಸಾವಿರದ ಇನ್ನೂರಕ್ಕೂ ಹೆಚ್ಚು ನಿಜವಾಗಿಯೂ ಉಳಿಯುತ್ತದೆ. ಮರೋಳ್ ನಾಕಾ, ಸಹಾರ್ ರೋಡ್, ಸಾಂತಾಕ್ರೂಜ್‌ಗಳಲ್ಲಿ ಮೆಟ್ರೊ ದ್ವಾರದಿಂದ ಕೂಗಳತೆಯಲ್ಲಿರುವ ಕೊಠಡಿ ಇಂದು ದೂರದ ಕೊಠಡಿಯಲ್ಲ. ಕೊನೆಯ ಗಾಡಿ ರಾತ್ರಿ ಹತ್ತೂವರೆಯ ಸುಮಾರಿಗೆ ಹೊರಡುತ್ತದೆಂಬುದನ್ನು ನಾಟಕ, ಸಂಗೀತ ಕಛೇರಿಗಳಿಗೆ ಹೋಗುವವರು ಮರೆಯಬಾರದಷ್ಟೆ. ಮುಂದಿನ ವರ್ಷಗಳಲ್ಲಿ ಈ ಮಾರ್ಗದ ಅಂಚಿನ ವಸತಿಗೃಹಗಳ ಬಾಡಿಗೆ ಏರಿದರೆ ಅಲೊನ್ಸೊನ ಸಿದ್ಧಾಂತಕ್ಕೆ ಮತ್ತೊಂದು ಸಾಕ್ಷ್ಯ ದೊರೆತಂತಾಗುತ್ತದೆ. ಅಷ್ಟರೊಳಗೆ ಹೋಗಿಬರುವವರು ಜಾಣರು. (ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದದ್ದು 2008ರಲ್ಲಿ, ಮೆಟ್ರೊ ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಬೆಂಗಳೂರಿಗೆ ಬರುವ ಪ್ರವಾಸಿ ಯಾವ ಲೆಕ್ಕ ಹಾಕುತ್ತಾನೋ!)

ವಿಮಾನದಲ್ಲಿ ಹೋಗುವವರು ಟಿಕೆಟನ್ನು ಕಣ್ಣಗಲಿಸಿ ನೋಡಬೇಕಾದ ಕಾರಣವೂ ಈಗ ಹುಟ್ಟಿಕೊಂಡಿದೆ. 2025ರ ಡಿಸೆಂಬರ್ 25ರಿಂದ ನವಿ ಮುಂಬೈಯ ಹೊಸ ವಿಮಾನ ನಿಲ್ದಾಣ ಕೆಲಸ ಆರಂಭಿಸಿದೆ. ಅದು ಖಾರಿಯ ಆಚೆ, ಪನ್ವೇಲ್ ಸಮೀಪ. ನೂರಿನ್ನೂರು ರೂಪಾಯಿ ಅಗ್ಗವೆಂದು ಅಲ್ಲಿಗೆ ಟಿಕೆಟು ಕೊಂಡು ಕೊಠಡಿಯನ್ನು ಅಂಧೇರಿಯಲ್ಲಿ ಹಿಡಿದರೆ ಉಳಿತಾಯವೆಲ್ಲ ಟ್ಯಾಕ್ಸಿಗೆ ಸಲ್ಲುತ್ತದೆ. ಕೊಠಡಿ ಹುಡುಕುವಾಗಲೂ ಇದೇ ಎಚ್ಚರಿಕೆ ಬೇಕು. ಜಾಹೀರಾತಿನ ಭಾಷೆಯಲ್ಲಿ ವಾಶಿ, ಖಾರ್‌ಘರ್, ಠಾಣೆ, ಮೀರಾ ರೋಡ್ ಎಲ್ಲವೂ ಮುಂಬೈಯೇ.

‘ನಿಲ್ದಾಣದಿಂದ ಐದು ನಿಮಿಷ’ ಎಂಬ ಒಕ್ಕಣೆ ಇನ್ನೊಂದು ಮಾಯೆ. ಯಾವ ನಿಲ್ದಾಣ, ಯಾವ ಬದಿ? ಮುಂಬೈನ ವಿಳಾಸಗಳಲ್ಲಿ ‘ಈಸ್ಟ್’, ‘ವೆಸ್ಟ್’ ಎಂಬ ಪದಗಳು ಅಲಂಕಾರಕ್ಕೆ ಬರುವುದಿಲ್ಲ. ರೈಲುಹಳಿ ಊರನ್ನು ಉದ್ದಕ್ಕೂ ಸೀಳಿರುವುದರಿಂದ ಪೂರ್ವದಿಂದ ಪಶ್ಚಿಮಕ್ಕೆ ಹೋಗಲು ಪಾದಚಾರಿ ಮೇಲ್ಸೇತುವೆಯ ಮೆಟ್ಟಿಲು ಹತ್ತಬೇಕು, ಇಲ್ಲವೇ ವಾಹನದಲ್ಲಿ ದೊಡ್ಡ ಸುತ್ತು ಹಾಕಬೇಕು. ಮಂಡಿನೋವಿನವರಿಗೆ ಆ ಮೆಟ್ಟಿಲುಗಳೇ ಇಡೀ ಪ್ರವಾಸದ ಕಷ್ಟದ ಭಾಗ. ಎಸ್ಕಲೇಟರು, ಲಿಫ್ಟುಗಳು ಹಲವು ನಿಲ್ದಾಣಗಳಿಗೆ ಬಂದಿವೆ; ಅವು ನಮಗೆ ಬೇಕಾದ ಬದಿಯಲ್ಲಿಯೇ ಇರುತ್ತವೆಂಬ ಭರವಸೆ ಮಾತ್ರ ಇಲ್ಲ. ಕೊಠಡಿ ಕಾಯ್ದಿರಿಸುವ ಮುನ್ನ ದೂರವಾಣಿ ಮಾಡಿ ಕೇಳಬೇಕಾದ ಮೊದಲ ಪ್ರಶ್ನೆ ಬಿಸಿನೀರಿನ ವೇಳೆಯದಲ್ಲ, ಮೆಟ್ಟಿಲುಗಳದ್ದು: ಬೀದಿಯಿಂದ ಕೊಠಡಿಯವರೆಗೆ ಎಷ್ಟು, ಲಿಫ್ಟ್ ಇದೆಯೇ, ಇದ್ದರೆ ಓಡುತ್ತಿದೆಯೇ?

ಫೋರ್ಟ್, ಕೊಲಾಬಾಗಳ ಹಳೆಯ ವಸತಿಗೃಹಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಮುಖ್ಯ. ಅಲ್ಲಿಯ ಅನೇಕ ಕಟ್ಟಡಗಳ ಮೂರನೆಯ, ನಾಲ್ಕನೆಯ ಅಂತಸ್ತಿನಲ್ಲಿ ಹತ್ತಾರು ಕೊಠಡಿಗಳ ಗೆಸ್ಟ್‌ಹೌಸುಗಳಿವೆ. ಜಾಲರಿ ಬಾಗಿಲಿನ ಲಿಫ್ಟು, ಮರದ ಮೆಟ್ಟಿಲು, ಎತ್ತರದ ಛಾವಣಿ. ಇಂತಹ ಕಟ್ಟಡಗಳು ಉಳಿದುಕೊಂಡದ್ದಕ್ಕೂ ಶಿಥಿಲಗೊಂಡದ್ದಕ್ಕೂ ಒಂದು ಕಾನೂನಿನ ಹಿನ್ನೆಲೆಯಿದೆ. ನಾವು ‘ಬಾಂಬೆ ರೆಂಟ್ ಆಕ್ಟ್’ ಎಂದು ಚುಟುಕಾಗಿ ಕರೆಯುವ 1947ರ ಕಾಯ್ದೆಯ ಪೂರ್ಣ ಶೀರ್ಷಿಕೆಯಲ್ಲಿ ಮನೆ ಬಾಡಿಗೆಯ ಜೊತೆಗೆ ಹೋಟೆಲು ಮತ್ತು ಲಾಡ್ಜಿಂಗ್ ಹೌಸುಗಳ ದರ ನಿಯಂತ್ರಣವೂ ಸೇರಿತ್ತು. ಅಂದಿನ ಸರ್ಕಾರ ಪರಸ್ಥಳದಿಂದ ಬಂದವನ ಒಂದು ರಾತ್ರಿಯ ತಂಗುವಿಕೆಯನ್ನೂ ಅವಶ್ಯಕ ವಸ್ತುವೆಂದು ಪರಿಗಣಿಸಿತ್ತು. ಉದ್ದೇಶ ಒಳ್ಳೆಯದೇ, ಪರಿಣಾಮ ಬೇರೆಯಾಯಿತು. ಮನೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ ಮಾಲೀಕರು ದುರಸ್ತಿಯ ಕೈಬಿಟ್ಟರು. ಆ ಕಾಯ್ದೆಯ ಸ್ಥಾನದಲ್ಲಿ ಮಹಾರಾಷ್ಟ್ರದ ಹೊಸ ಬಾಡಿಗೆ ನಿಯಂತ್ರಣ ಕಾಯ್ದೆ 2000ದಲ್ಲಿ ಜಾರಿಗೆ ಬಂದರೂ ಹಳೆಯ ಕಟ್ಟಡಗಳು ಹಾಗೆಯೇ ನಿಂತಿವೆ. ಹಾಗಾಗಿ ಫೋರ್ಟಿನ ಅಗ್ಗದ ಕೊಠಡಿಯಲ್ಲಿ ಗೋಡೆಯ ತೇವ, ಹಂಚಿಕೊಂಡ ಸ್ನಾನಗೃಹ ಇವೆಲ್ಲ ಇರಬಹುದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು.

ಈ ಎರಡು ತುದಿಗಳ ನಡುವೆ ಕನ್ನಡಿಗರಿಗೆ ಒಗ್ಗುವ ಮೂರನೆಯ ಆಯ್ಕೆಯೂ ಇದೆ: ದಾದರ್–ಮಾಟುಂಗಾ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳು ಕೂಡುವುದು ದಾದರಿನಲ್ಲಿ. ಈಗ ಮೆಟ್ರೊ ನಿಲ್ದಾಣವೂ ಇದೆ. ಪಕ್ಕದ ಮಾಟುಂಗಾದಲ್ಲಿ ಬೆಳಗಿನ ಕಾಫಿ, ಇಡ್ಲಿಗೆ ಪರದಾಡಬೇಕಿಲ್ಲ. ಕರಾವಳಿಯಿಂದ ಹೋಗಿ ಪಾತ್ರೆ ತೊಳೆಯುತ್ತ ಬದುಕು ಆರಂಭಿಸಿದವರು ಕಟ್ಟಿದ ಉಡುಪಿ ಹೋಟೆಲುಗಳ ಪರಂಪರೆಯದು. ಬಾಳೆಲೆಯ ಮೇಲೆ ಊಟ ಬಡಿಸುವ, 1942ರಲ್ಲಿ ಆರಂಭವಾದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅಲ್ಲಿಯ ನಿಲ್ದಾಣದ ಬಳಿಯೇ ಇದೆ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನಿನ ನೆಲೆಯೂ ಮಾಟುಂಗಾ. ಮುಂಬೈಗೆ ಮೊದಲ ಬಾರಿ ಹೋಗುವ ಯುವ ದಂಪತಿಗೆ ನಾನು ಫೋರ್ಟನ್ನೇ ಸೂಚಿಸುತ್ತೇನೆ. ಸಸ್ಯಾಹಾರ, ಬೆಳಗಿನ ಕಾಫಿ, ಸಂಜೆ ಒಂದು ಸಂಗೀತ ಕಛೇರಿ ಬಯಸುವ ಹಿರಿಯರಿಗೆ ಮಾಟುಂಗಾ. ಆದರೆ ದಾದರ್ ನಿಲ್ದಾಣದ ಮಗ್ಗುಲಲ್ಲೇ ಕೊಠಡಿ ಹಿಡಿದರೆ ನಸುಕಿನಲ್ಲೇ ಹೂವಿನ ಸಗಟು ಮಾರುಕಟ್ಟೆಯ ಗದ್ದಲ ಎಬ್ಬಿಸುತ್ತದೆ. ಅದು ಸುಪ್ರಭಾತವೋ ಕಿರುಕುಳವೋ ಎಂಬುದು ಅವರವರ ಭಾವಕ್ಕೆ ಬಿಟ್ಟದ್ದು.

ಊರೊಳಗಿನ ಸಣ್ಣ ದೂರಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಬಾಂದ್ರಾ, ಸಯನ್‌ಗಳಿಂದ ದಕ್ಷಿಣಕ್ಕೆ ಆಟೊರಿಕ್ಷಾ ಬರುವಂತಿಲ್ಲ. ಅಲ್ಲಿ ಟ್ಯಾಕ್ಸಿಯೇ ಗತಿ. ಮೀಟರ್ ಹಾಕಿ ಓಡಿಸುವ ಚಾಲಕರನ್ನು ಕಂಡು ಬೆಂಗಳೂರಿನವರಿಗೆ ಕಣ್ಣಲ್ಲಿ ನೀರು ಬಂದರೆ ಆಶ್ಚರ್ಯವಿಲ್ಲ. ‘ಬೆಸ್ಟ್’ ಬಸ್ಸುಗಳ ಕಥೆ ಮಾತ್ರ ಬೇಸರದ್ದು. 2019ರಲ್ಲಿ ಕನಿಷ್ಠ ದರವನ್ನು ಐದು ರೂಪಾಯಿಗೆ ಇಳಿಸಿ ಜನರನ್ನು ಸೆಳೆದರು. ಬಳಿಕ ಬಸ್ಸುಗಳೇ ಕಡಿಮೆಯಾಗುತ್ತ ಬಂದವು. 2025ರ ಮೇ ತಿಂಗಳಲ್ಲಿ ದರ ಹತ್ತಕ್ಕೆ ಏರಿತು. ಅಗ್ಗದ ದರವನ್ನು ಘೋಷಿಸಿ ಅದರ ನಷ್ಟವನ್ನು ತುಂಬಿಕೊಡುವ ಬಾಬತ್ತನ್ನು ಮರೆಯುವುದು ನಮ್ಮ ಎಲ್ಲ ನಗರಾಡಳಿತಗಳ ಹಳೆಯ ರೋಗ. ಬಸ್ಸನ್ನು ಕಾಯುವ ವ್ಯವಧಾನ ಇದ್ದವರಿಗೆ ಅದು ಈಗಲೂ ಊರು ನೋಡಲು ಒಳ್ಳೆಯ ವಾಹನ.

ವಾರಾಂತ್ಯದ ಪ್ರವಾಸಿಗಳಿಗೆ ಯಾರೂ ಮುಂಚಿತವಾಗಿ ತಿಳಿಸದ ಸಂಗತಿಯೆಂದರೆ ಭಾನುವಾರದ ‘ಮೆಗಾ ಬ್ಲಾಕ್’. ಹಳಿಗಳ ದುರಸ್ತಿಗಾಗಿ ಭಾನುವಾರಗಳಂದು ಮಧ್ಯಾಹ್ನದ ಹಲವು ಗಂಟೆ ಯಾವುದಾದರೂ ಮಾರ್ಗದ ಗಾಡಿಗಳನ್ನು ನಿಲ್ಲಿಸುತ್ತಾರೆ, ಇಲ್ಲವೇ ಬೇರೆ ಹಳಿಗೆ ತಿರುಗಿಸುತ್ತಾರೆ. ಶನಿವಾರ ಸಂಜೆಯ ಪತ್ರಿಕೆಯನ್ನೋ ನಿಲ್ದಾಣದ ಫಲಕವನ್ನೋ ನೋಡಿಕೊಂಡು ಭಾನುವಾರವನ್ನು ನಡಿಗೆಗೆ ಮೀಸಲಿಡುವುದು ಒಳಿತು. ಮಳೆಗಾಲದಲ್ಲಿ ಕೊಠಡಿಗಳು ಅಗ್ಗ, ಕಡಲು ರಮಣೀಯ. ಆದರೆ ಭರತ ಮತ್ತು ಜಡಿಮಳೆ ಒಟ್ಟಿಗೆ ಬಂದ ದಿನ ಸಯನ್, ಕುರ್ಲಾ ಬಳಿ ಹಳಿ ಮುಳುಗುತ್ತದೆ, ಊರು ಎರಡು ತುಂಡಾಗುತ್ತದೆ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ಮುಂಬೈಕರರು ಇನ್ನೂ ಮರೆತಿಲ್ಲ. ಜುಲೈಯಲ್ಲಿ ಹೋಗುವವರು ಮರಳುವ ರೈಲು ಯಾವ ನಿಲ್ದಾಣದಿಂದ ಹೊರಡುತ್ತದೋ ಅದರ ಸಮೀಪವೇ ಕೊನೆಯ ರಾತ್ರಿ ಕಳೆಯುವುದು ಕ್ಷೇಮ.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ಇದರ ವಿಚಿತ್ರವನ್ನು ಗಮನಿಸಿ: 7,500 ರೂಪಾಯಿಯ ಕೊಠಡಿಗೆ ತೆರಿಗೆ ಸೇರಿ 7,875; 7,600 ರೂಪಾಯಿಯ ಕೊಠಡಿಗೆ 8,968. ಬಾಡಿಗೆಯಲ್ಲಿ ನೂರು ರೂಪಾಯಿ ಅಂತರ, ಬಿಲ್ಲಿನಲ್ಲಿ ಸಾವಿರದ ತೊಂಬತ್ಮೂರು. ಈ ಮೆಟ್ಟಿಲಿನ ಅಂಚಿನಲ್ಲಿರುವ ಕೊಠಡಿಗಳ ಬಗ್ಗೆ ಚೌಕಾಶಿ ಮಾಡುವುದರಲ್ಲಿ ಸಂಕೋಚಪಡಬೇಕಿಲ್ಲ. ಆದರೆ ತೆರಿಗೆಯ ನಿಜವಾದ ಪೆಟ್ಟು ಬಿದ್ದದ್ದು ಈ ಮಟ್ಟದಲ್ಲಲ್ಲ. ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೊಠಡಿಗಳಿಗೆ 2017ರಿಂದ ಇದ್ದ ವಿನಾಯಿತಿಯನ್ನು 2022ರ ಜುಲೈಯಲ್ಲಿ ರದ್ದುಪಡಿಸಿ ಶೇ 12 ತೆರಿಗೆ ವಿಧಿಸಲಾಯಿತು. ಈಗಿನ ಶೇ 5 ಅದಕ್ಕಿಂತ ಹಗುರ, ನಿಜ. ಆದರೆ ಸೊನ್ನೆಯಲ್ಲ. ದಿನಕ್ಕೆ 900 ರೂಪಾಯಿಯ ಕೊಠಡಿ ಹುಡುಕುವವರು ಯಾರು ಎಂಬುದನ್ನು ಆಗ ಯಾರಾದರೂ ಕೇಳಿದರೇ ಎಂಬುದು ಅನುಮಾನ.

ಅವರಲ್ಲಿ ಹಲವರು ಪ್ರವಾಸಿಗಳೇ ಅಲ್ಲ. ದಾದರಿನಿಂದ ಮುಂದಿನ ನಿಲ್ದಾಣ ಪರೇಲ್. 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಅಲ್ಲಿದೆ, ಪಕ್ಕದಲ್ಲೇ ಕೆ.ಇ.ಎಂ. ಆಸ್ಪತ್ರೆ. ದೇಶದ ಮೂಲೆಮೂಲೆಗಳಿಂದ, ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ, ರೋಗಿಗಳು ಅಲ್ಲಿಗೆ ಹೋಗುತ್ತಾರೆ. ಜೊತೆಗೆ ಒಬ್ಬಿಬ್ಬರು ಬಂಧುಗಳು. ಅವರ ತಂಗುವಿಕೆ ಮೂರು ದಿನದ್ದಲ್ಲ, ಮೂರು ತಿಂಗಳದ್ದು. ಕೊಠಡಿ ಮತ್ತು ದಾರಿಯ ಲೆಕ್ಕವನ್ನು ನಾವು ವಿರಾಮದಲ್ಲಿ ಹಾಕುತ್ತೇವೆ. ಅವರು ಅದೇ ಲೆಕ್ಕವನ್ನು ಔಷಧದ ಚೀಟಿಯ ಹಿಂಬದಿಯಲ್ಲಿ ಹಾಕುತ್ತಾರೆ. ಕಿಮೋಥೆರಪಿ ಮುಗಿಸಿದ ರೋಗಿಯನ್ನು ಸಂಜೆ ಆರು ಗಂಟೆಯ ಲೋಕಲಿನಲ್ಲಿ ಕಲ್ಯಾಣಿಗೋ ವಿರಾರಿಗೋ ಕರೆದೊಯ್ಯಲಾಗುವುದಿಲ್ಲ. ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆಯಂತಹ ಸಂಸ್ಥೆಗಳು ದೊಡ್ಡ ಉಪಕಾರ ಮಾಡುತ್ತಿವೆ. ಅಲ್ಲಿ ಜಾಗ ದೊರೆಯದವರು ಆಸ್ಪತ್ರೆಯ ಎದುರಿನ ಪಾದಚಾರಿ ಮಾರ್ಗದಲ್ಲಿ, ಮೇಲ್ಸೇತುವೆಯಡಿಯಲ್ಲಿ ಮಲಗುತ್ತಾರೆ.

ಪರೇಲಿನಲ್ಲಿ ಭೂಮಿಯೇ ಇರಲಿಲ್ಲವೇ? ಇತ್ತು. ಅದು ಹತ್ತಿ ಗಿರಣಿಗಳ ಊರು. 1982ರ ಮಹಾಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಗರಾಭಿವೃದ್ಧಿ ನಿಯಮದ ಪ್ರಕಾರ ಗಿರಣಿಯ ಭೂಮಿಯನ್ನು ಮಾರಿ ಮರುನಿರ್ಮಿಸುವಾಗ ಸುಮಾರು ಮೂರನೆಯ ಒಂದು ಭಾಗ ಬಯಲು ಮತ್ತು ಸಾರ್ವಜನಿಕ ಸೌಲಭ್ಯಕ್ಕಾಗಿ ನಗರಪಾಲಿಕೆಗೆ, ಮತ್ತೊಂದು ಭಾಗ ಸಾರ್ವಜನಿಕ ವಸತಿಗಾಗಿ ಗೃಹನಿರ್ಮಾಣ ಪ್ರಾಧಿಕಾರಕ್ಕೆ ಸಲ್ಲಬೇಕಿತ್ತು. 2001ರ ತಿದ್ದುಪಡಿ ಆ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. ಹೈಕೋರ್ಟಿನಲ್ಲಿ ಸೋತ ಆ ವ್ಯಾಖ್ಯಾನವನ್ನು 2006ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸಾರ್ವಜನಿಕರಿಗೆ ದಕ್ಕಿದ ಪಾಲು ಬಹಳ ಕುಗ್ಗಿತು. ಇಂದು ಲೋವರ್ ಪರೇಲಿನಲ್ಲಿ ಕೊಠಡಿ ಹುಡುಕಿದರೆ ಪಂಚತಾರಾ ಹೋಟೆಲುಗಳು ಸಾಲಾಗಿ ಬರುತ್ತವೆ. ಅವುಗಳ ಕಿಟಕಿಯಿಂದ ಗಿರಣಿಯ ಹಳೆಯ ಚಿಮಣಿಗಳು ಅಲ್ಲಲ್ಲಿ ಕಾಣುತ್ತವೆ.

ದೂರದ ರಾಜ್ಯಗಳ ರಾಜಧಾನಿಗಳಲ್ಲಿ ಶಾಸಕರಿಗೆ, ಅಧಿಕಾರಿಗಳಿಗೆ ಭವನಗಳನ್ನು ಕಟ್ಟುವುದರಲ್ಲಿ ನಮ್ಮ ಸರ್ಕಾರಗಳು ಹಿಂದೆ ಬಿದ್ದಿಲ್ಲ. ಸೇವೆಯಲ್ಲಿದ್ದಷ್ಟು ಕಾಲ ಅಂತಹ ಕೊಠಡಿಗಳ ಅನುಕೂಲ ನನಗೂ ದೊರೆತಿದೆ. ಪರೇಲಿನಿಂದ ಎರಡು ನಿಲ್ದಾಣಗಳ ಒಳಗೆ, ಮಾಟುಂಗಾದ ಒಂದು ಹಳೆಯ ಕಟ್ಟಡವನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದು, ನೂರು ಹಾಸಿಗೆ, ಒಂದು ಅಡುಗೆಮನೆ, ಓಡುವ ಒಂದು ಲಿಫ್ಟು ಒದಗಿಸಿ, ಜಿಲ್ಲಾ ಆಸ್ಪತ್ರೆಯ ಪತ್ರ ತಂದ ರೋಗಿಯ ಜೊತೆಗಾರರಿಗೆ ನೀಡಲು ತಗಲುವ ವಾರ್ಷಿಕ ವೆಚ್ಚ ಒಂದು ಭವನದ ಮುಂಭಾಗದ ಅಮೃತಶಿಲೆಗೆ ಆಗುವ ವೆಚ್ಚವನ್ನು ಮೀರಲಾರದು. ಅದನ್ನು ನಡೆಸುವ ಅನುಭವ ಮಾಟುಂಗಾದ ಕನ್ನಡಿಗರಲ್ಲಿ ಮೂರು ತಲೆಮಾರಿನಿಂದ ಇದೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಅಕ್ಕಪಕ್ಕದಲ್ಲಿರುವ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳ ಸುತ್ತ ರಾತ್ರಿ ಹತ್ತರ ಬಳಿಕ ಒಮ್ಮೆ ನಡೆದು ನೋಡಿದರೆ ಇದೇ ಪ್ರಸ್ತಾವಕ್ಕೆ ಎರಡನೆಯ ವಿಳಾಸವೂ ಸಿಗುತ್ತದೆ.